ಕೊಚ್ಚಿಗೆ ಎರಡು ತಳ

ಬಂದರು ಕಟ್ಟಲು ಬಂದ ಎಂಜಿನಿಯರೊಬ್ಬರು ಕೆಸರಿನ ಮೇಲೆ ಎರಡು ಸಂಪುಟ ಬರೆದದ್ದುಂಟು. ಹೆಸರು ರಾಬರ್ಟ್ ಬ್ರಿಸ್ಟೊ. ಪುಸ್ತಕ ‘ಹಿಸ್ಟರಿ ಆಫ್ ಮಡ್ ಬ್ಯಾಂಕ್ಸ್’, ಕೊಚ್ಚಿಯ ಸರ್ಕಾರಿ ಮುದ್ರಣಾಲಯದಲ್ಲಿ 1938ರಲ್ಲಿ ಅಚ್ಚಾದದ್ದು. ಕೊಚ್ಚಿಯ ಹಾಯಿದೋಣಿಯಲ್ಲಿ ಆಳ ಅಳೆಯುವ ಡೆಪ್ತ್ ಸೌಂಡರ್ ಹುಚ್ಚುಹುಚ್ಚಾಗಿ ಅಂಕಿ ತೋರಿಸತೊಡಗಿದೊಡನೆ ಹೊಸದು ಕೊಳ್ಳಲು ಅಂಗಡಿಗೆ ಓಡುವವರು ಆ ಕೆಸರಿನ ಕಥೆ ತಿಳಿದಿದ್ದರೆ ಎಷ್ಟೋ ಹಣ ಉಳಿಸಿಕೊಳ್ಳುತ್ತಿದ್ದರು.

1341ರ ಪೆರಿಯಾರ್ ನದಿಯ ಪ್ರವಾಹ ತೆರೆದುಕೊಟ್ಟ ಕೊಚ್ಚಿಯ ಅಳಿವೆಯ ಬಾಯಿಗೆ ಮರಳಿನ ದಿಬ್ಬ ಅಡ್ಡ ಕೂತಿತ್ತು. ದೊಡ್ಡ ಹಡಗುಗಳು ಹೊರಸಮುದ್ರದಲ್ಲೇ ಲಂಗರು ಹಾಕಬೇಕಿತ್ತು. 1920ರಲ್ಲಿ ಬಂದ ಬ್ರಿಸ್ಟೊ ಆ ದಿಬ್ಬ ಕಡಿಸಿದರು. 1928ರ ಮೇ 26ರಂದು ‘ಪದ್ಮಾ’ ಹಡಗು ಒಳಬಂದರಿಗೆ ಬಂತು. ಎತ್ತಿದ ಹೂಳೇ ವಿಲ್ಲಿಂಗ್ಡನ್ ದ್ವೀಪವಾಯಿತು. ಆದರೆ ಬ್ರಿಸ್ಟೊ ಅವರನ್ನು ಕಾಡಿದ್ದು ಮರಳಿಗಿಂತ ಹೆಚ್ಚಾಗಿ ಕೆಸರು. ಮಳೆಗಾಲದಲ್ಲಿ ಈ ಕರಾವಳಿಯ ಅಲ್ಲಲ್ಲಿ ತಳದ ಕೆಸರು ನೀರಿಗೆ ಕಲಸಿಕೊಂಡು ಅಲೆಗಳ ಸೊಕ್ಕನ್ನೇ ಅಡಗಿಸುತ್ತದೆ. ಆಲಪ್ಪುಳದಲ್ಲಿ ಹಡಗುಗಳು ಮಳೆಗಾಲದಲ್ಲೂ ನಿಶ್ಚಿಂತೆಯಿಂದ ನಿಲ್ಲುತ್ತಿದ್ದುದು ಇಂಥ ಕೆಸರುದಿಬ್ಬದ ಆಸರೆಯಲ್ಲಿ. ಮಲಯಾಳಿ ಮೀನುಗಾರರಿಗೆ ಅದೇ ‘ಚಾಕರ’, ಮೀನಿನ ಸುಗ್ಗಿ. ದಿಬ್ಬವೋ, ಒಂದೆಡೆ ನಿಲ್ಲದು, ಜಾಗ ಬದಲಿಸುತ್ತದೆ.

ಇನ್ನು ಸೌಂಡರಿನ ಕಥೆ. ಜರ್ಮನಿಯ ಅಲೆಕ್ಸಾಂಡರ್ ಬೆಮ್, ಟೈಟಾನಿಕ್ ಮುಳುಗಿದ ಮೇಲೆ, ಹಿಮಗಡ್ಡೆಗಳನ್ನು ಸದ್ದಿನಿಂದ ಪತ್ತೆಹಚ್ಚಲು ಹೊರಟರು. ಗಡ್ಡೆ ಸಿಗಲಿಲ್ಲ, ಸಮುದ್ರದ ಆಳ ಸಿಕ್ಕಿತು. 1913ರಲ್ಲಿ ಪೇಟೆಂಟ್ ಪಡೆದರು. ಇಂದಿನ ಸೌಂಡರ್ ಮಾಡುವುದೂ ಅದನ್ನೇ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹೋಗಿಬಂದ ಹೊತ್ತಿನ ಅರ್ಧವನ್ನು ಆ ವೇಗದಿಂದ ಗುಣಿಸಿದರೆ ಆಳ. ಸದ್ದು ಸ್ಪಷ್ಟವಾಗಿ ಮರಳಬೇಕಾದರೆ ತಳ ಗಟ್ಟಿಯಿರಬೇಕು. ಕೊಚ್ಚಿಯಲ್ಲಿ ನೀರೆಲ್ಲಿ ಮುಗಿಯಿತು, ನೆಲವೆಲ್ಲಿ ಶುರುವಾಯಿತು ಎಂಬುದೇ ಸ್ಪಷ್ಟವಿಲ್ಲ. 200 ಕಿಲೋಹರ್ಟ್ಸ್ ಸದ್ದು ತೆಳುಕೆಸರಿನ ಮೇಲ್ಮೈಯಿಂದಲೇ ತಿರುಗಿಬರುತ್ತದೆ. 50ರದ್ದು ಇನ್ನೂ ಒಳಹೊಕ್ಕು ಗಟ್ಟಿನೆಲ ಮುಟ್ಟಿ ಬರುತ್ತದೆ. ಎರಡೂ ಅಂಕಿ ನಿಜ.

ಹಾಗೆಂದು ಯಂತ್ರ ಕೆಡುವುದೇ ಇಲ್ಲವೆಂದಲ್ಲ. ಪರದೆಯಲ್ಲಿ ಬರೀ ಗೆರೆಗಳು ಬಂದರೆ ಬ್ಯಾಟರಿಯ ವೋಲ್ಟೇಜ್ ನೋಡಬೇಕು, ಹಸಿರು ತುಕ್ಕು ಹಿಡಿದ ಕನೆಕ್ಟರ್ ಉಜ್ಜಬೇಕು. ಸದ್ದು ಹೊರಡಿಸಿ ಮರುದನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಅಂಟಿದ ಚಿಪ್ಪುಜೀವಿಗಳನ್ನೂ ದಪ್ಪ ಬಣ್ಣವನ್ನೂ ಕೆರೆಯಬೇಕು. ಫೈಬರ್ ದೋಣಿಯ ಒಳಮೈಗೇ ಅದನ್ನು ಅಂಟಿಸಿದ್ದರೆ ನಡುವೆ ಗಾಳಿಗುಳ್ಳೆ ಸೇರಿರಬಹುದು. ಸದ್ದಿಗೆ ಗಾಳಿಯೇ ಗೋಡೆ. ಎಂಜಿನ್ ಚಾಲೂ ಆದಾಗಷ್ಟೇ ಅಂಕಿ ಕುಣಿದರೆ ಆಲ್ಟರ್ನೇಟರಿನ ತಂಟೆಯೋ ಪ್ರೊಪೆಲರ್ ಎಬ್ಬಿಸಿದ ನೊರೆಯೋ ಇರಬೇಕು. ಯಾವಾಗಲೂ ಒಂದೇ ಅಳತೆಯಷ್ಟು ತಪ್ಪಿದರೆ, ದೋಣಿಯಡಿಯ ಕೀಲ್‌ನಿಂದ ಎಣಿಸಬೇಕೋ ನೀರಿನ ಮಟ್ಟದಿಂದಲೋ ಎಂಬ ಸೆಟ್ಟಿಂಗ್ ತಪ್ಪಿದೆ.

ಇಷ್ಟೆಲ್ಲ ಸರಿಯಿದ್ದೂ ಅಂಕಿ ಜಿಗಿದಾಡಿದರೆ ದೋಣಿಯನ್ನು ಗಟ್ಟಿ ತಳದ ಕಡೆಗೆ ಒಯ್ದು ನೋಡಬೇಕು. ಅಂಥ ತಳ ತಿರುವನಂತಪುರದ ದಕ್ಷಿಣಕ್ಕೆ ವಿಳಿಂಜಂನಲ್ಲಿದೆ, ಅಲ್ಲಿ ದಡದ ಸಮೀಪವೇ 18–20 ಮೀಟರ್ ಸಹಜ ಆಳ. 2025ರ ಮೇ 2ರಂದು ಲೋಕಾರ್ಪಣೆಯಾದ ಅಲ್ಲಿನ ಬಂದರಿಗೆ ಅದೇ ಬಂಡವಾಳ. ಮರಳು, ಬಂಡೆಯ ಮೇಲೆ ಅಂಕಿ ನಿಂತರೆ ಯಂತ್ರ ನಿರಪರಾಧಿ.

ಆ ಕರಾವಳಿಯ ಕಟ್ಟುಮರದ ಮೀನುಗಾರರು ‘ಪಾರು’ ಎಂದು ಕರೆಯುವ ಮುಳುಗುಬಂಡೆಗಳನ್ನು ದಡದ ಗುಡ್ಡ, ಇಗರ್ಜಿಗಳ ನೇರ ನೋಡಿ ಗುರುತಿಸುತ್ತಿದ್ದರು. ಆಳವನ್ನು ಭಾರ ಕಟ್ಟಿದ ಹಗ್ಗ ಇಳಿಬಿಟ್ಟು ಮಾರಿನಲ್ಲಿ ಅಳೆಯುತ್ತಿದ್ದರು. ಹಡಗಿನವರು ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ, ಅಂಟಿಬಂದ ಮರಳನ್ನೋ ಕೆಸರನ್ನೋ ಬೆರಳಲ್ಲಿ ಹೊಸಕಿ ನೋಡುತ್ತಿದ್ದರು. ಈಗ ಆ ಗುಂಡು ಕಾಣುವುದೇ ಅಪರೂಪ. ಆಳ ಒಂದು ಅಂಕಿಯಾಗಿ ಉಳಿದಿದೆ, ಅಂಕಿಯನ್ನು ಒರೆಗೆ ಹಚ್ಚುವ ಸಾಧನ ಹೋಗಿದೆ. ಆದ್ದರಿಂದಲೇ ಕೆಸರಿನ ತಪ್ಪಿಗೆ ಟ್ರಾನ್ಸ್‌ಡ್ಯೂಸರ್ ಕಸದಬುಟ್ಟಿ ಸೇರುತ್ತದೆ. ಹೊಸದು ಮಾರುವವರಿಗೆ ಸೀಸದ ಗುಂಡಿನಿಂದ ಯಾವ ಲಾಭವೂ ಇಲ್ಲ. ದೋಣಿಯವರೇ ಅದನ್ನು ಮತ್ತೆ ಹಗ್ಗಕ್ಕೆ ಕಟ್ಟಬೇಕು.