ಊರಿನ ಹೆಸರಿಲ್ಲದ ವಿಳಾಸ

“ತಮ್ಮಾ, ನೀ ಎಲ್ಲಿ ಅದೀ?” ಅವ್ವ ಹೇಳಿ ಬರೆಸಿದ ಪ್ರತಿ ಪತ್ರದಲ್ಲೂ ಈ ಮಾತು ಇರುತ್ತಿತ್ತು. “ಅರಾಮ ಅದೀನಿ” ಎಂದಷ್ಟೇ ನಾನು ಬರೆಯುತ್ತಿದ್ದೆ. ಆಗ ನಾನು ಸೇನೆಯಲ್ಲಿದ್ದೆ, ನಮ್ಮೂರು ಮೂಡಲಗಿ ಇನ್ನೂ ಗೋಕಾಕ ತಾಲೂಕಿನಲ್ಲಿತ್ತು. ಅಲ್ಲಿ ಡಬ್ಬಿಗೆ ಹಾಕಿದ ಪತ್ರದ ಮೇಲೆ ನನ್ನ ನಂಬರು, ಹುದ್ದೆ, ಹೆಸರು, ಯುನಿಟ್, ಕೊನೆಗೆ ‘56 ಎಪಿಒ’ (ಆರ್ಮಿ ಪೋಸ್ಟ್ ಆಫೀಸ್). ಊರಿಲ್ಲ, ಜಿಲ್ಲೆಯಿಲ್ಲ. ಆದರೂ ಮುಟ್ಟುತ್ತಿತ್ತು.

ಇಂಥ ಪತ್ರ ಮೊದಲು ದಿಲ್ಲಿಯ ಸೇನಾ ಅಂಚೆ ಕೇಂದ್ರಕ್ಕೆ ಹೋಗುತ್ತದೆ. ‘99 ಎಪಿಒ’ ಎಂದಿದ್ದರೆ ಕೋಲ್ಕತ್ತಕ್ಕೆ. ಯಾವ ಯುನಿಟ್ ಎಲ್ಲಿದೆ ಎಂಬ ಗುಪ್ತ ಪಟ್ಟಿ ನೋಡಿ ಅಲ್ಲಿಯವರು ಅದನ್ನು ಫೀಲ್ಡ್ ಪೋಸ್ಟ್ ಆಫೀಸಿಗೆ ಕಳಿಸುತ್ತಾರೆ. ಆ ಆಫೀಸಿನ ಮುದ್ರೆಯಲ್ಲೂ ಊರ ಹೆಸರಿರದು, ಸಂಖ್ಯೆಯಷ್ಟೇ. 9ರಿಂದ ಶುರುವಾಗುವ ಪಿನ್‌ಕೋಡ್‌ಗಳು ಸೇನಾ ಅಂಚೆಗೇ ಮೀಸಲು. ಈ ಅಂಚೆ ಸೇವೆ 1972ರ ಮಾರ್ಚ್ 1ರಂದು ಸ್ವತಂತ್ರ ಕೋರ್ ಆಯಿತು.

ನಾನು ಹೆಡ್‌ಕ್ವಾರ್ಟರ್ಸ್‌ನಲ್ಲಿ ಕ್ಲಾರ್ಕ್ ಆಗಿದ್ದೆ. ಗೋಪನೀಯ ಕಾಗದಕ್ಕೆ ಎರಡು ಲಕೋಟೆ: ‘ಗೋಪನೀಯ’ ಎಂಬ ಮುದ್ರೆ ಒಳಗಿನದಕ್ಕೆ, ಹೊರಗಿನದಕ್ಕೆ ಬರೀ ವಿಳಾಸ. ಕೈ ಬದಲಾದಾಗಲೆಲ್ಲ ರಿಜಿಸ್ಟರಿನಲ್ಲಿ ಸಹಿ. ಯುನಿಟ್ ಜಾಗ ಬಿಟ್ಟಾಗ ನಮ್ಮ ಪೇಚಾಟ ಹೆಚ್ಚುತ್ತಿತ್ತು. ಫೈಲಿನ ಪೆಟ್ಟಿಗೆಗಳು ಲಾರಿಯಲ್ಲಿ, ಟಪಾಲು ಹಿಂದೆಲ್ಲೋ, ಎಲ್ಲಿಗೆ ಹೊರಟಿದ್ದೇವೆಂದು ಫೋನಿನಲ್ಲಿ ಹೇಳುವಂತಿಲ್ಲ. ಅಂಥ ಒಂದು ಸಲ ಹುಕ್ಕೇರಿ ಕಡೆಯ ಜವಾನನಿಗೆ ಅಪ್ಪ ತೀರಿದ ಸುದ್ದಿ ಹನ್ನೊಂದು ದಿನದ ಮೇಲೆ ಮುಟ್ಟಿತು. ಆ ಕಾಗದ ಅವನ ಕೈಗಿಟ್ಟವನು ನಾನೇ. ಗುಟ್ಟು ಕಾಯುವುದಕ್ಕೆ ಮನೆಯವರೂ ಬೆಲೆ ಕೊಡುತ್ತಾರೆಂದು ಅವತ್ತು ತಿಳಿಯಿತು.

ಈಗ ಸುದ್ದಿ ಮೊಬೈಲಿನಲ್ಲಿ ಗಳಿಗೆಯೊಳಗೆ ಮುಟ್ಟುತ್ತದೆ. ದಫ್ತರದ ಕಾಗದ ಮಾತ್ರ ಇಂದಿಗೂ ಮುಖ್ಯ. ಜವಾನನ ಲಗ್ನ, ಮಕ್ಕಳ ಹುಟ್ಟು ‘ಪಾರ್ಟ್ ಟು ಆರ್ಡರ್’ನಲ್ಲಿ ದಾಖಲಾಗಬೇಕು, ಕುಟುಂಬ ಪಿಂಚಣಿಗೆ ಅದೇ ಆಧಾರ. ನಮ್ಮ ಭಾಗದಲ್ಲಿ ಲಗ್ನದ ಮೇಲೆ ಸೊಸೆಯ ಹೆಸರು ಬದಲಿಸುವ ರೂಢಿಯುಂಟು. ಆಧಾರ್‌ನಲ್ಲಿ ತವರಿನ ಹೆಸರು, ಸೇನೆಯ ದಾಖಲೆಯಲ್ಲಿ ಗಂಡನ ಮನೆಯ ಹೆಸರು. ಗಂಡ ಹೋದ ಮೇಲೆ ಆ ಇಬ್ಬರೂ ತಾನೇ ಎಂದು ಹೆಣ್ಣುಮಗಳು ರುಜುವಾತು ಮಾಡಲು ಅಲೆಯುತ್ತಾಳೆ. ಇಂಥ ಕಾಗದ ಹಿಡಿದು ಗೋಕಾಕ, ಹುಕ್ಕೇರಿಯಿಂದಲೂ ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ.

ಮಗನನ್ನು ಸೇನೆಗೆ ಕಳಿಸಿದವರಲ್ಲಿ ನನ್ನ ವಿನಂತಿ ಇಷ್ಟೇ. ಅವನಿರುವ ಜಾಗ ಕೇಳಬೇಡಿ, ಗೊತ್ತಾದರೂ ವಾಟ್ಸಾಪಿನಲ್ಲಿ ಹಾಕಬೇಡಿ. ಅವನ ನಂಬರು, ಯುನಿಟ್ ಹೆಸರು ಬರೆದಿಟ್ಟುಕೊಳ್ಳಿ. ಲಗ್ನವಾದ ವರ್ಷವೇ ‘ಪಾರ್ಟ್ ಟು ಆರ್ಡರ್’ನ ನಕಲು ತರಿಸಿ, ಸೊಸೆಯ ಹೆಸರು ಅಕ್ಷರ ಅಕ್ಷರ ತಾಳೆ ನೋಡಿ, ತಿಜೋರಿಯಲ್ಲಿಡಿ.