ರಾಣಿಗಾಗಿ ಹೂತುಹಾಕಿದ ಬಂದರು

ಡಾಂಬರು ಕಿತ್ತರು. ಅದರಡಿ ಅಂದವಾಗಿ ಕಡಿದು ಜೋಡಿಸಿದ ಕಲ್ಲುಹಾಸು ಸಿಕ್ಕಿತು. ಅದು ರಾಣಿಯದು! ಚಕ್ರವರ್ತಿ ಎರಡನೇ ಪೆದ್ರೊನ ಕೈಹಿಡಿಯಲು ನೇಪಲ್ಸ್‌ನಿಂದ ಬಂದ ಟೆರೆಸಾ ಕ್ರಿಸ್ಟಿನಾ ಹಡಗಿಳಿದು ಕಾಲಿಡಲೆಂದೇ 1843ರಲ್ಲಿ ಹಾಸಿದ್ದು. ಇನ್ನಷ್ಟು ಅಗೆದರು. ಅಬ್ಬಾ, ಕೆಳಗೆ ಮತ್ತೊಂದು ಹಾಸು! ಇದರಲ್ಲಿ ಅಂದಚಂದವೇನೂ ಇಲ್ಲ. ಶೇಂಗಾ ಚಿಕ್ಕಿಯಲ್ಲಿ ಬೀಜ ಕೂತಂತೆ ಒತ್ತೊತ್ತಾಗಿ ಕೂತ ಉರುಟು ಕಲ್ಲುಗಳು. ಆಫ್ರಿಕಾದಿಂದ ಹಿಡಿದು ತಂದ ಸುಮಾರು 9 ಲಕ್ಷ ಜನ ಅಮೆರಿಕ ಖಂಡದಲ್ಲಿ ಮೊದಲು ಮೆಟ್ಟಿದ ನೆಲ ಇದೇ ಎಂಬ ಅಂದಾಜಿದೆ. ಒಂದೇ ಧಕ್ಕೆಯಲ್ಲಿ!

ಊರು ಬ್ರೆಜಿಲ್‌ನ ರಿಯೊ ಡಿ ಜನೈರೊ, ಧಕ್ಕೆಯ ಹೆಸರು ವಲೊಂಗೊ. ಒಲಿಂಪಿಕ್ಸ್‌ಗೆ ಮುಂಚೆ ಹಳೆಯ ಬಂದರು ಬಡಾವಣೆಗೆ ಹೊಸ ರೂಪ ಕೊಡುವ ಕಾಮಗಾರಿ ನಡೆದಿದ್ದಾಗ, 2011ರಲ್ಲಿ, ಪುರಾತತ್ವಜ್ಞೆ ತಾನಿಯಾ ಆಂದ್ರಾದೆ ಲಿಮಾ ಅವರ ತಂಡ ಇದನ್ನು ಬಯಲಿಗೆ ತಂದಿತು. ರಾಣಿಯ ಹಾಸಿನ ಮೇಲೂ 1911ರಲ್ಲಿ ಮಣ್ಣು ಸುರಿದು ಚೌಕ ಕಟ್ಟಿಬಿಟ್ಟಿದ್ದರು. ಎರಡೆರಡು ಸಲ ಮುಚ್ಚಿದ ಜಾಗ ಇದು!

ಮಣ್ಣು ಜರಡಿ ಹಿಡಿದಂತೆ ಏನೆಲ್ಲ ಬಂತು ನೋಡಿ: ಗಾಜಿನ ಮಣಿಗಳು, ತಾಮ್ರದ ತಾಯತಗಳು, ತಾಳೆಜಾತಿಯ ನಾರಿನಲ್ಲಿ ಹೆಣೆದ ಉಂಗುರಗಳು, ಕವಡೆಗಳು. ಹೌದು, ನಮ್ಮ ಚೌಕಾಬಾರದ ಕವಡೆಯೇ! ಇಂಥ ಕವಡೆ ಮಾಲ್ಡೀವ್ಸ್‌ನಿಂದ ಹಡಗುಗಟ್ಟಲೆ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು, ಅಲ್ಲಿ ದುಡ್ಡಾಗಿ ಚಲಾವಣೆಯಾಗುತ್ತಿತ್ತು, ಮನುಷ್ಯರನ್ನೂ ಅದರಿಂದ ಕೊಳ್ಳುತ್ತಿದ್ದರು. ಅಂಗೋಲದ ಕರಾವಳಿಯಲ್ಲಿ ಅದೇ ವ್ಯಾಪಾರಕ್ಕೆ ಭಾರತದ ಹತ್ತಿಬಟ್ಟೆಗೆ ಭಾರಿ ಬೇಡಿಕೆಯಿತ್ತು. ಈ ಕಡಲಿಗೂ ಆ ಧಕ್ಕೆಗೂ ನಂಟಿಲ್ಲ ಎಂದುಕೊಳ್ಳುವ ಹಾಗಿಲ್ಲ.

ವಲೊಂಗೊ ಹುಟ್ಟಿದ್ದೇ ಊರಿನ ಮರ್ಯಾದೆ ಕಾಪಾಡಲಿಕ್ಕೆ. ಮೊದಲು ಊರ ನಡುಬೀದಿಯಲ್ಲೇ ಗುಲಾಮರ ಮಾರಾಟ ನಡೆಯುತ್ತಿತ್ತು. ಬೆತ್ತಲೆ, ರೋಗಿಷ್ಟ ದೇಹಗಳನ್ನು ಕಂಡು ದೊಡ್ಡಮನುಷ್ಯರಿಗೆ ಮುಜುಗರವಾಯಿತು. ಮಾರಾಟದ ಬಗ್ಗೆಯಲ್ಲ, ಕಣ್ಣಿಗೆ ಬೀಳುವುದರ ಬಗ್ಗೆ! 1774ರಲ್ಲಿ ವೈಸರಾಯ್ ಲವ್ರಾದಿಯೊ ಸಂತೆಯನ್ನು ಊರಾಚೆಯ ಈ ಕಡಲಂಚಿಗೆ ಓಡಿಸಿದ. ನೆಪೋಲಿಯನ್‌ಗೆ ಹೆದರಿ ಪೋರ್ಚುಗಲ್‌ನ ಅರಮನೆಯೇ 1808ರಲ್ಲಿ ರಿಯೊಗೆ ಬಂದಿಳಿದ ಮೇಲೆ ಕೂಲಿಯಿಲ್ಲದ ಕೈಗಳಿಗೆ ಬೇಡಿಕೆ ಏರಿತು. 1811ರಿಂದ ಕಲ್ಲಿನ ಧಕ್ಕೆ ಕಟ್ಟಿದರು. ಸುತ್ತಲೂ ಒಂದು ಊರೇ ಬೆಳೆಯಿತು. ಬಡಕಲಾಗಿ ಬಂದವರಿಗೆ ತಿನ್ನಿಸಿ, ಮೈಗೆ ಎಣ್ಣೆ ಹಚ್ಚಿ, ಬೆಲೆ ಬರುವಂತೆ ಮಾಡುವ ಮನೆಗಳು. ರೋಗಿಗಳನ್ನು ಬೇರೆ ಇಡುವ ಆಸ್ಪತ್ರೆ. ಪಕ್ಕದಲ್ಲೇ, ಹಡಗಿಳಿದ ಕೆಲವೇ ದಿನಕ್ಕೆ ಸತ್ತವರಿಗೊಂದು ಗುಂಡಿ.

ಆ ಗುಂಡಿ ಸಿಕ್ಕಿದ ಕಥೆಯಂತೂ ಮೈ ಜುಮ್ಮೆನಿಸುತ್ತದೆ. 1996ರಲ್ಲಿ ಗಂಬೋವಾ ಬಡಾವಣೆಯ ದಂಪತಿ ಮನೆ ರಿಪೇರಿಗೆಂದು ನೆಲ ಅಗೆಸಿದರು. ಮೂಳೆ ಬಂತು. ಇನ್ನೂ ಬಂತು. ಬರುತ್ತಲೇ ಇತ್ತು! ಮನೆ ನಿಂತಿದ್ದದ್ದು 1830ರ ತನಕ ಬಳಕೆಯಲ್ಲಿದ್ದ ಮಸಣದ ಮೇಲೆ. ಅಲ್ಲಿ ಸೇರಿದವರು 20,000ಕ್ಕೂ ಹೆಚ್ಚು ಎಂದು ಅಂದಾಜು. ಆ ಮನೆ ಈಗ ವಸ್ತುಸಂಗ್ರಹಾಲಯ.

ಬ್ರಿಟನ್‌ನ ಒತ್ತಡಕ್ಕೆ ಮಣಿದು 1831ರಲ್ಲಿ ಬ್ರೆಜಿಲ್ ಗುಲಾಮರ ಆಮದನ್ನು ನಿಷೇಧಿಸಿತು. ವಲೊಂಗೊ ಬರಿದಾಯಿತು, ವ್ಯಾಪಾರ ಮಾತ್ರ ಬೇರೆ ಕಡಲತಡಿಗಳಲ್ಲಿ ಕದ್ದುಮುಚ್ಚಿ ನಡೆಯಿತು. 1850ರ ಕಾನೂನು ಬಂದ ಮೇಲೇ ಅದು ನಿಜಕ್ಕೂ ನಿಂತದ್ದು. ಗುಲಾಮಗಿರಿ ಹೋಗಲು 1888 ಬರಬೇಕಾಯಿತು.

ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಇದಾವುದೂ ಅಲ್ಲ. ಮಾರಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ಈ ಜಾಗ ಬಿಟ್ಟು ಓಡಲಿಲ್ಲ! ಅಲ್ಲೇ ಹಡಗಿನ ಮೂಟೆ ಹೊತ್ತರು, ಬಾಹಿಯಾ ಪ್ರಾಂತದಿಂದ ನೆಂಟರಿಷ್ಟರನ್ನು ಕರೆಸಿಕೊಂಡರು, ತಮ್ಮ ದೇವರುಗಳಿಗೆ ಮನೆಯೊಳಗೇ ಜಾಗ ಮಾಡಿದರು. ಬಡಾವಣೆಗೆ ‘ಪುಟ್ಟ ಆಫ್ರಿಕಾ’ ಎಂದೇ ಹೆಸರಾಯಿತು. ಬ್ರೆಜಿಲ್‌ನ ಅತಿ ದೊಡ್ಡ ಕಾದಂಬರಿಕಾರ ಮಶಾದೊ ದೆ ಅಸಿಸ್ 1839ರಲ್ಲಿ ಹುಟ್ಟಿದ್ದು ಧಕ್ಕೆಯ ಹಿಂದಿನ ಗುಡ್ಡದ ಮೇಲೆ. ಆತನ ತಂದೆಯ ಕಡೆಯ ಅಜ್ಜ, ಅಜ್ಜಿ ಬಿಡುಗಡೆ ಪಡೆದ ಗುಲಾಮರು. ಧಕ್ಕೆಯೆದುರಿನ ದೊಡ್ಡ ಉಗ್ರಾಣವನ್ನು 1871ರಲ್ಲಿ ಕಟ್ಟಿದ ಎಂಜಿನಿಯರ್ ಆಂದ್ರೆ ರೆಬೋಸಾಸ್ ಕಪ್ಪುವರ್ಣೀಯ. ಆ ಕೆಲಸಕ್ಕೆ ಒಬ್ಬ ಗುಲಾಮನನ್ನೂ ಹಚ್ಚಕೂಡದೆಂದು ಹಟ ಹಿಡಿದವನು. ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ ಕಾಲದ ಮಾತಿದು, ನೆನಪಿರಲಿ.

ಇನ್ನು ತಿಯಾ ಸಿಯಾತಾ! ಬಾಹಿಯಾದಿಂದ ಬಂದು ಬೀದಿಯಲ್ಲಿ ಸಿಹಿತಿಂಡಿ ಮಾರಿದವಳು, ಪೂಜೆ ಪುನಸ್ಕಾರದ ಹಿರಿಯಕ್ಕ. ಡೋಲು ಬಾರಿಸಿದರೆ ಪೊಲೀಸರು ಹಿಡಿದೊಯ್ಯುತ್ತಿದ್ದ ದಿನಗಳಲ್ಲಿ ಅವಳ ಮನೆಯಲ್ಲಿ ಹಾಡುಗಾರರು ಸೇರುತ್ತಿದ್ದರು. ಆ ಕೂಟದಲ್ಲಿ ಮೂಡಿದ ‘ಪೆಲೊ ಟೆಲಿಫೋನಿ’ ಹಾಡನ್ನು ದೊಂಗಾ ಎಂಬಾತ 1916ರಲ್ಲಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ತನ್ನ ಹೆಸರಿಗೆ ನೋಂದಾಯಿಸಿದ. ಸಾಂಬಾ ಎಂದು ದಾಖಲಾಗಿ ಗೆದ್ದ ಮೊದಲ ಹಾಡು ಅದೇ ಎನ್ನುತ್ತಾರೆ. ಹಾಡು ಕೂಟದ ಎಲ್ಲರದೂ ಎಂದು ಜಗಳವೂ ಆಯಿತು, ಇರಲಿ. ಇವತ್ತು ಬ್ರೆಜಿಲ್ ಜಗತ್ತಿಗೆ ಮೆರೆಸುವ ಕಾರ್ನಿವಲ್‌ನ ಕುಣಿತಕ್ಕೆ ಬೇರು ಈ ಓಣಿಗಳಲ್ಲಿದೆ.

ವಲೊಂಗೊ 2017ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿತು. ರಿಯೊಗೆ ಹೋಗುವವರೆಲ್ಲ ಗುಡ್ಡದ ಮೇಲಿನ ಕ್ರಿಸ್ತನ ಪ್ರತಿಮೆಗೆ ಸಾಲು ನಿಲ್ಲುತ್ತಾರೆ. ನೀವು ಹೋದರೆ ಮೊದಲು ಈ ಧಕ್ಕೆಗೆ ಹೋಗಿ. ಬೀದಿಬದಿಯಲ್ಲೇ ಇದೆ, ಎರಡೂ ಹಾಸುಗಳನ್ನು ನಿಂತಲ್ಲಿಂದಲೇ ನೋಡಬಹುದು.