ಮುಚ್ಚಿದ ಶಾಲೆ, ಬರಿದಾದ ಕುರ್ಚಿ

ಕೋವಿಡ್ ಪಿಡುಗಿನಿಂದಾಗಿ 2020ರ ಮಾರ್ಚ್ ತಿಂಗಳಿನಲ್ಲಿ ಚೆನ್ನೈ ನಗರದ ಶಾಲೆಗಳು ಬಾಗಿಲು ಹಾಕಿದವು. ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಮತ್ತೆ ಶಾಲೆಯ ಮೆಟ್ಟಲು ಹತ್ತಿದುದು 2021ರ ನವೆಂಬರ್ 1ರಂದು. ಅಲ್ಲಿಯವರೆಗೆ ಮೊಬೈಲೇ ಗುರು, ನಡುಮನೆಯೇ ಪಾಠಶಾಲೆ.

ಮುಚ್ಚಿದುದಕ್ಕಾಗಿ ತಾಯಿತಂದೆಗಳಾದ ನಾವು ಯಾರನ್ನೂ ದೂರಲಿಲ್ಲ. ಮಾರಿಯ ಮುಂದೆ ಮಂತ್ರಿ ತಾನೆ ಏನು ಮಾಡಿಯಾನು? ನಮ್ಮನ್ನು ಕೇಳಿದವರಾರು ಎಂಬುದನ್ನು ಮಾತ್ರ ತೂಗಿ ನೋಡಿದೆವು. ತಮಿಳುನಾಡು ಸರಕಾರವು 2020ರ ನವೆಂಬರಿನಲ್ಲಿ ಪೋಷಕರ ಅಭಿಪ್ರಾಯ ಕೇಳಿ, ಶಾಲೆ ತೆರೆಯುವುದನ್ನು ಮುಂದೂಡಿತು. 2021ರ ಜನವರಿಯಲ್ಲಿ ಮತ್ತೆ ಕೇಳಿ, 19ರಂದು ಹತ್ತು ಮತ್ತು ಹನ್ನೆರಡನೆಯ ತರಗತಿಗಳನ್ನು ತೆರೆಯಿತು. ಕೇಳಿದರಲ್ಲ ಎಂಬುದೇ ಒಂದು ಸಮಾಧಾನ.

ಆದರೆ ನಮ್ಮ ಬೀದಿಯ ಮಾತು ಬೇರೆ. ಮೊಬೈಲಿಲ್ಲದ ಮಗುವಿನ ಪರವಾಗಿ ಅರ್ಜಿ ಬರೆಯೋಣವೆಂದರೆ ವಾರ್ಡಿಗೆ ಕೌನ್ಸಿಲರೇ ಇರಲಿಲ್ಲ! ತಾನೇ ಶಾಲೆಗಳನ್ನು ನಡೆಸುವ ಚೆನ್ನೈ ಕಾರ್ಪೊರೇಷನ್ನಿನಲ್ಲಿ 2016ರಿಂದ ಚುನಾಯಿತ ಸಭೆಯಿಲ್ಲದೆ ಅಧಿಕಾರಿಗಳ ಆಡಳಿತವೇ ನಡೆದಿತ್ತು. ಅದರ 200 ವಾರ್ಡುಗಳಿಗೆ ಚುನಾವಣೆಯಾದುದು 2022ರ ಫೆಬ್ರವರಿ 19ರಂದು. ಅಂದು ಮತ ಹಾಕಿದವರು ನೂರಕ್ಕೆ ಸುಮಾರು 43 ಮಂದಿ ಮಾತ್ರ.

ಕೇಳುವವರಿಲ್ಲವೆಂದು ಕೊರಗಿದ ಊರು, ಕೇಳುವವರನ್ನು ಆರಿಸುವ ದಿನ ಮನೆಯಲ್ಲೇ ಉಳಿಯಿತು. ಪ್ರಿಯ ವಾಚಕರೇ, ರಾಜಕಾರಣಿಗಳನ್ನು ಕುರಿತು ನಮ್ಮ ಅಭಿಪ್ರಾಯ ಏನೇ ಇರಲಿ, ಅದು ಜಗಲಿಯ ಹರಟೆಯಲ್ಲಿ ಮುಗಿಯದೆ ಮತಗಟ್ಟೆಯವರೆಗೂ ನಡೆಯಬೇಕು. ಮತವಿಲ್ಲದ ಮಕ್ಕಳ ಪರವಾಗಿ ನಾವಲ್ಲದೆ ಇನ್ನಾರು ಹೋದಾರು?